ನಿಧಾನವಾದ ಯಂತ್ರ: ದುಡಿಯುತ್ತಿದೆಯೆ, ಕಾಯುತ್ತಿದೆಯೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕು ಸ್ಥಳಗಳು. ಇವುಗಳಲ್ಲಿ ಯಾವುದಾದರೊಂದರ ತಹಸೀಲ್ದಾರ ಕಚೇರಿಗೆ ಹೋಗಿ ಗ್ರಾಮದ ಹೆಸರನ್ನೂ ಹೊಲದ ಸರ್ವೆ ನಂಬರನ್ನೂ ಹೇಳಿದರೆ, ಆ ಹೊಲದ ಪಹಣಿ, ನಮ್ಮ ಕಡೆಯ ಮಾತಿನಲ್ಲಿ ಉತಾರ, ಅಚ್ಚಾಗಿ ಕೈಗೆ ಬರುವುದು. 'ಭೂಮಿ' ಯೋಜನೆಯ ಮೊದಲ ಘಟ್ಟದಲ್ಲಿ ಕರ್ನಾಟಕದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಗಳಿಗೆ ಏರಿದವು. ಅಷ್ಟೊಂದು ಪತ್ರಗಳಲ್ಲಿ ಬೇಕಾದ ಒಂದನ್ನು ಯಂತ್ರವು ಹೇಗೆ ಹುಡುಕುವುದು? ಅದು ಮೊದಲ ಪತ್ರದಿಂದ ಆರಂಭಿಸಿ ಒಂದೊಂದಾಗಿ ಓದುತ್ತ ಬರುವುದೆ? ಹಾಗೆ ಓದುವುದಾದರೆ ರೈತನು ಕಚೇರಿಯ ಬಾಗಿಲಲ್ಲಿ ಬಹಳ ಹೊತ್ತು ನಿಲ್ಲಬೇಕಾದೀತು.

ಈ ಪ್ರಶ್ನೆಯು ನಮ್ಮ ಮುಂದೆ ಬಂದುದು ಪಹಣಿಯ ರೂಪದಲ್ಲಿ ಅಲ್ಲ, ಮಳೆಯ ರೂಪದಲ್ಲಿ. ನಾವು ಭೌತಶಾಸ್ತ್ರವನ್ನು ಕಲಿಸುವ ಕಾಲೇಜಿನಲ್ಲಿ ಈ ನಾಲ್ಕು ತಾಲ್ಲೂಕುಗಳ ಮಳೆಯ ಲೆಕ್ಕವನ್ನು ಗಣಕದಲ್ಲಿ ಇರಿಸಿದ್ದೇವೆ. ತಾಲ್ಲೂಕಿಗೆ ಮೂರರಂತೆ ಹನ್ನೆರಡು ಮಳೆಮಾಪನ ಕೇಂದ್ರಗಳು, 1971ರಿಂದ 2020ರ ವರೆಗೆ ಐವತ್ತು ವರ್ಷಗಳು, ದಿನಕ್ಕೊಂದು ದಾಖಲೆ. 12ನ್ನು 50ರಿಂದಲೂ 365ರಿಂದಲೂ ಗುಣಿಸಿದರೆ 2,19,000 ಆಗುವುದು. ಈ ದಾಖಲೆಗಳನ್ನು ಹಳೆಯ ದಿನವಹಿ ಪುಸ್ತಕಗಳಿಂದ ಹಲವು ವರ್ಷಗಳ ವಿದ್ಯಾರ್ಥಿಗಳು ಒಂದೊಂದಾಗಿ ಬೆರಳಚ್ಚು ಮಾಡಿ ಸೇರಿಸಿದ್ದಾರೆ. 2018ರ ಸುಮಾರಿಗೆ ತಾಲ್ಲೂಕುಗಳು ಒಡೆದು ಚಡಚಣ, ತಾಳಿಕೋಟೆ, ನಿಡಗುಂದಿ ಮುಂತಾದ ಹೊಸ ತಾಲ್ಲೂಕುಗಳು ಹುಟ್ಟಿದುವಾದರೂ, ಹಿಂದಿನ ವರ್ಷಗಳೊಡನೆ ಹೋಲಿಕೆ ತಪ್ಪಬಾರದೆಂದು ನಾವು ಹಳೆಯ ಎಲ್ಲೆಗಳನ್ನೇ ಉಳಿಸಿಕೊಂಡಿದ್ದೇವೆ.

ಹೀಗೆ ಕೋಷ್ಟಕಗಳಲ್ಲಿ ಜೋಡಿಸಿಟ್ಟ ಮಾಹಿತಿಗೆ ಡೇಟಾಬೇಸ್ ಎಂದು ಹೆಸರು. ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿಯೇ ಇದನ್ನು ನಡೆಸಬಲ್ಲ ತಂತ್ರಾಂಶಗಳು 1980ರ ದಶಕದಿಂದಲೂ ಬಳಕೆಯಲ್ಲಿವೆ. ನಮ್ಮದೂ ಅಂತಹದೊಂದು. ಅದರ ಹಳೆಯ ಆವೃತ್ತಿಯನ್ನು ಬಿಟ್ಟು ಹೊಸದಕ್ಕೆ ಏರಿದ ದಿನವೇ ತೊಡಕು ಆರಂಭವಾಯಿತು.

ತೊಡಕಿನ ಸ್ವರೂಪ

ವಿದ್ಯಾರ್ಥಿಯೊಬ್ಬನು ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದನು. ಅವನ ತಂದೆ ಸಿಂದಗಿಯ ಕಡೆ ಕಪ್ಪು ನೆಲದಲ್ಲಿ ಹಿಂಗಾರಿ ಜೋಳ ಬಿತ್ತುವವರು. ಸೆಪ್ಟೆಂಬರಿನ ನಡುವೆ ಬರುವ ಉತ್ತರಿ ಮಳೆಗೆ ಬಿತ್ತಬೇಕೆ, ಅಕ್ಟೋಬರಿನ ಆರಂಭದ ವರೆಗೆ ಹಸ್ತ ಮಳೆಯನ್ನು ಕಾಯಬೇಕೆ ಎಂಬುದು ಆ ಮನೆಯಲ್ಲಿ ಪ್ರತಿ ವರ್ಷದ ಚರ್ಚೆ. ಐವತ್ತು ವರ್ಷಗಳ ಲೆಕ್ಕವು ಏನು ಹೇಳುವುದೆಂದು ನೋಡಲು ಅವನು ಪ್ರತಿ ದಿನಕ್ಕೂ, ಆ ದಿನವೂ ಸೇರಿ ಹಿಂದಿನ ಏಳು ದಿನಗಳ ಮಳೆಯ ಮೊತ್ತವನ್ನು ಯಂತ್ರದಿಂದ ಕೇಳುತ್ತಿದ್ದನು. ಹಳೆಯ ಆವೃತ್ತಿಯಲ್ಲಿ ಒಂದು ಕೇಂದ್ರದ ಒಂದು ವರ್ಷದ ಉತ್ತರವು ಬೆರಳು ತೆಗೆಯುವುದರೊಳಗೆ ತೆರೆಯ ಮೇಲೆ ಬರುತ್ತಿದ್ದಿತು. ಹೊಸ ಆವೃತ್ತಿಯಲ್ಲಿ ಅದೇ ಉತ್ತರಕ್ಕೆ ಸುಮಾರು ಒಂದೂವರೆ ನಿಮಿಷ ಹಿಡಿಯತೊಡಗಿತು. ಒಂದು ವರ್ಷಕ್ಕೆ ಒಂದೂವರೆ ನಿಮಿಷವಾದರೆ, ಹನ್ನೆರಡು ಕೇಂದ್ರಗಳ ಐವತ್ತು ವರ್ಷಗಳಿಗೆ, ಎಂದರೆ 600 ಪ್ರಶ್ನೆಗಳಿಗೆ, 15 ಗಂಟೆಗಳಾಗುವುವು.

ಸಲಹೆಗಳಿಗೆ ಬರವಿರಲಿಲ್ಲ. ಹೊಸ ತಂತ್ರಾಂಶವೇ ಕೆಟ್ಟದ್ದೆಂದು ಕೆಲವರು ಹೇಳಿದರು. ಹೊಸ ಗಣಕವನ್ನೇ ಕೊಳ್ಳಬೇಕೆಂದು ಮತ್ತೆ ಕೆಲವರು ಹೇಳಿದರು. ಎಲ್ಲಕ್ಕಿಂತ ಸುಲಭವಾಗಿ ಕಂಡ ಸಲಹೆಯು ಮೂರನೆಯದು: "ಇಷ್ಟು ಹಳೆಯ ಲೆಕ್ಕ ಯಾರಿಗೆ ಬೇಕು? 1990ರ ಹಿಂದಿನದನ್ನು ಅಳಿಸಿಬಿಡಿ, ತಾನೇ ಹಗುರವಾಗುವುದು." ಈ ಸಲಹೆಯನ್ನು ಪಾಲಿಸಿದ್ದರೆ ವೇಗವು ಸ್ವಲ್ಪಮಟ್ಟಿಗೆ ಹೆಚ್ಚುತ್ತಿದ್ದುದೂ ನಿಜ. ಆದರೆ ಆ ಹತ್ತೊಂಬತ್ತು ವರ್ಷಗಳಲ್ಲಿ 1972ರ ಬರಗಾಲವೂ ಇದ್ದಿತು. ಮಳೆಯನ್ನು ನಂಬಿದ ನಾಡಿನ ಲೆಕ್ಕದಿಂದ ಬರದ ವರ್ಷವನ್ನು ಅಳಿಸಿದ ಮೇಲೆ ಉಳಿದ ಲೆಕ್ಕವು ಎಷ್ಟು ಬೇಗ ಬಂದರೂ ಪ್ರಯೋಜನವೇನು?

ಆದುದರಿಂದ ನಾವು ಯಾವ ಸಲಹೆಯನ್ನೂ ಕೂಡಲೆ ಸ್ವೀಕರಿಸದೆ, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಮಾರ್ಗವನ್ನೇ ಹಿಡಿದೆವು. ಮೊದಲು ಕಡತದ ಎರಡು ನಕಲುಗಳನ್ನು ತೆಗೆದು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟೆವು. ಮುಂದಿನ ಪರೀಕ್ಷೆಗಳೆಲ್ಲ ನಕಲಿನ ಮೇಲೆಯೇ ನಡೆದುವು. ಅನಂತರ ಒಂದು ಪ್ರಶ್ನೆಯನ್ನು ಅಳತೆಗೋಲಾಗಿ ಗೊತ್ತುಮಾಡಿಕೊಂಡೆವು: ಒಂದೇ ಕೇಂದ್ರ, ಒಂದೇ ವರ್ಷ, ಮೂರು ಸಲ ಪ್ರಯೋಗ, ಕೈಯಲ್ಲಿ ಸ್ಟಾಪ್‌ವಾಚ್. "ನಿಧಾನ" ಎಂಬುದು ದೂರು. "ಒಂದೂವರೆ ನಿಮಿಷ" ಎಂಬುದು ಅಳತೆ. ದೂರನ್ನು ಅಳತೆಯಾಗಿ ಮಾರ್ಪಡಿಸುವವರೆಗೆ ಪರಿಹಾರವು ಫಲಿಸಿತೊ ಇಲ್ಲವೊ ಎಂಬುದೂ ತಿಳಿಯಲಾರದು.

ದುಡಿಮೆಯೊ, ಕಾಯುವಿಕೆಯೊ?

ಯಂತ್ರವು ನಿಧಾನವಾಗಲು ಮೂಲತಃ ಎರಡೇ ಕಾರಣಗಳಿರಬಲ್ಲವು. ಒಂದು, ಅದು ಅವಶ್ಯಕತೆಗಿಂತ ಹೆಚ್ಚು ದುಡಿಯುತ್ತಿರಬೇಕು. ಇಲ್ಲವೆ, ಯಾವುದೊ ಒಂದು ವಸ್ತುವಿಗಾಗಿ ಕಾಯುತ್ತಿರಬೇಕು. ಹೊಲದಲ್ಲಿ ಕೆಲಸ ಸಾಗಲಿಲ್ಲವೆಂದರೆ ಆಳುಗಳು ದಿನವೆಲ್ಲ ದುಡಿದರೂ ಕೆಲಸ ಮುಗಿಯಲಿಲ್ಲವೆ, ಅಥವಾ ಬೀಜದ ಚೀಲ ಬರಲಿಲ್ಲವೆಂದು ಬದುವಿನ ಮೇಲೆ ಕುಳಿತಿದ್ದರೆ ಎಂದು ಯಜಮಾನನು ಮೊದಲು ವಿಚಾರಿಸುವನು. ಎರಡಕ್ಕೂ ಪರಿಹಾರ ಒಂದೇ ಅಲ್ಲ.

ಗಣಕವು ಕಾಯುವುದು ಹೆಚ್ಚಾಗಿ ಡಿಸ್ಕಿಗಾಗಿ ಅಥವಾ ಜಾಲಕ್ಕಾಗಿ. ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸಲ ತಿರುಗುವುದು. ಒಂದು ಸುತ್ತಿಗೆ 60ನ್ನು 7,200ರಿಂದ ಭಾಗಿಸಿದಷ್ಟು ಸೆಕೆಂಡು, ಎಂದರೆ ಸುಮಾರು 8.3 ಮಿಲಿಸೆಕೆಂಡು ಹಿಡಿಯುವುದು. ಬೇಕಾದ ಅಂಶವು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಬೇಕು. ತಲೆಯು ಸರಿಯಾದ ವೃತ್ತಕ್ಕೆ ಸರಿಯಲು ಇನ್ನೂ ಹಲವು ಮಿಲಿಸೆಕೆಂಡು ಬೇಕು. ಪ್ರೊಸೆಸರ್ ಅಷ್ಟರಲ್ಲಿ ಕೋಟಿಗಟ್ಟಲೆ ಸೂಚನೆಗಳನ್ನು ನೆರವೇರಿಸಬಲ್ಲದು. ಆದುದರಿಂದಲೇ ಯಂತ್ರವು ಒಮ್ಮೆ ಓದಿದ ಅಂಶವನ್ನು ಸ್ಮೃತಿಯಲ್ಲಿ ಉಳಿಸಿಕೊಂಡು, ಎರಡನೆಯ ಸಲ ಡಿಸ್ಕಿನ ಬಳಿಗೆ ಹೋಗುವುದನ್ನು ತಪ್ಪಿಸುವುದು.

ಇದರಿಂದ ನಮಗೆ ಒಂದು ಸರಳವಾದ ಪರೀಕ್ಷೆ ದೊರೆಯಿತು. ನಿಧಾನಕ್ಕೆ ಡಿಸ್ಕ್ ಕಾರಣವಾಗಿದ್ದರೆ, ಅದೇ ಪ್ರಶ್ನೆಯನ್ನು ಮರಳಿ ಕೇಳಿದಾಗ ಉತ್ತರವು ಬೇಗ ಬರಬೇಕು. ಕೇಳಿ ನೋಡಿದೆವು. ಎರಡನೆಯ ಸಲವೂ, ಮೂರನೆಯ ಸಲವೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯಿತು. ಡಿಸ್ಕಿನ ಮೇಲಿನ ಆರೋಪವು ಅಲ್ಲಿಗೆ ಬಿದ್ದುಹೋಯಿತು. ನಮ್ಮ ಕಡತವು ಇದ್ದುದು ಪ್ರಯೋಗಶಾಲೆಯ ಇನ್ನೊಂದು ಗಣಕದಲ್ಲಿ. ಜಾಲದ ಮೂಲಕ ಅದನ್ನು ಓದುತ್ತಿದ್ದೆವು. ಒಂದು ನಕಲನ್ನು ಪ್ರಶ್ನೆ ಕೇಳುವ ಗಣಕಕ್ಕೇ ತಂದು, ಜಾಲದ ತಂತಿಯನ್ನು ಕಿತ್ತು ಪರೀಕ್ಷಿಸಿದೆವು. ಅಷ್ಟೇ ಕಾಲ. ಜಾಲವೂ ನಿರಪರಾಧಿಯೆಂದು ತೋರಿತು.

ಈ ಹಂತದಲ್ಲಿ ನಾವೇ ಒಂದು ತಪ್ಪು ಮಾಡುವವರಿದ್ದೆವು. ಯಂತ್ರದ ದುಡಿಮೆಯನ್ನು ತೋರಿಸುವ ಸೂಚಕದಲ್ಲಿ ಪ್ರಶ್ನೆ ನಡೆಯುತ್ತಿರುವಾಗ ಶೇಕಡ 25 ಎಂದು ಕಂಡಿತು. ಮುಕ್ಕಾಲು ಭಾಗ ಸುಮ್ಮನಿರುವ ಯಂತ್ರವು ಕಾಯುತ್ತಿದೆಯೆಂದೇ ಮೊದಲು ಭಾವಿಸಿದೆವು. ಆದರೆ ಅದು ನಾಲ್ಕು ಕೋರ್‌ಗಳ ಪ್ರೊಸೆಸರ್. ನಮ್ಮ ತಂತ್ರಾಂಶವು ಒಂದು ಪ್ರಶ್ನೆಯನ್ನು ಒಂದೇ ಕೋರ್‌ನಲ್ಲಿ ನಡೆಸುವುದರಿಂದ, ಒಂದು ಕೋರ್ ತನ್ನ ಪೂರ್ಣ ಶಕ್ತಿಯಿಂದ ದುಡಿದಾಗ ಒಟ್ಟು ಸೂಚಕವು ತೋರಿಸುವುದು ನಾಲ್ಕರಲ್ಲಿ ಒಂದು ಪಾಲು, ಎಂದರೆ ಶೇಕಡ 25. ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಸಂಶಯ ಪರಿಹಾರವಾಯಿತು. ಯಂತ್ರವು ಕಾಯುತ್ತಿರಲಿಲ್ಲ, ಬೆವರಿಳಿಸಿ ದುಡಿಯುತ್ತಿದ್ದಿತು. ಒಂದು ವರ್ಷದ ಮಳೆಯನ್ನು ಕೂಡಿಸಲು ಅಷ್ಟೊಂದು ದುಡಿಮೆ ಏಕೆ?

ಅರ್ಧ ಕೋಷ್ಟಕ, ಅರ್ಧ ಕಾಲ

ಲೋಲಕದ ಪ್ರಯೋಗವನ್ನು ವಾಚಕರು ಬಲ್ಲರು. ಆಂದೋಲನದ ಕಾಲವು ಯಾವುದನ್ನು ಅವಲಂಬಿಸಿದೆಯೆಂದು ತಿಳಿಯಲು ಗುಂಡಿನ ತೂಕವನ್ನು ಬದಲಾಯಿಸಿ ನೋಡುವೆವು, ಆಮೇಲೆ ದಾರದ ಉದ್ದವನ್ನು ಬದಲಾಯಿಸಿ ನೋಡುವೆವು. ಎರಡನ್ನೂ ಒಟ್ಟಿಗೆ ಎಂದೂ ಬದಲಾಯಿಸುವುದಿಲ್ಲ. ಇಲ್ಲಿಯೂ ನಾವು ಒಂದೇ ಅಂಶವನ್ನು, ಕೋಷ್ಟಕದ ಗಾತ್ರವನ್ನು, ಬದಲಾಯಿಸಿದೆವು. ಪ್ರಶ್ನೆಗೆ ಬೇಕಾದ ಕೇಂದ್ರವನ್ನೂ ವರ್ಷವನ್ನೂ ಹಾಗೆಯೇ ಉಳಿಸಿ, ಉಳಿದ ದಾಖಲೆಗಳಲ್ಲಿ ಹಲವನ್ನು ನಕಲಿನಿಂದ ತೆಗೆದೆವು. ಕೋಷ್ಟಕವು ಅರ್ಧವಾದಾಗ ಕಾಲವೂ ಹೆಚ್ಚುಕಡಿಮೆ ಅರ್ಧವಾಯಿತು. ಕೋಷ್ಟಕವು ಕಾಲುಭಾಗವಾದಾಗ ಒಂದೂವರೆ ನಿಮಿಷವು ಇಪ್ಪತ್ತು ಚಿಲ್ಲರೆ ಸೆಕೆಂಡಿಗೆ ಇಳಿಯಿತು.

ಈ ಅನುಪಾತವೇ ರಹಸ್ಯವನ್ನು ಬಯಲುಮಾಡಿತು. ಕೇಳಿದುದು ಒಂದು ಕೇಂದ್ರದ ಒಂದು ವರ್ಷದ ಲೆಕ್ಕ. ಅದಕ್ಕೆ ಸಂಬಂಧಪಡದ ದಾಖಲೆಗಳು ಎಷ್ಟಿದ್ದರೇನು? ಅವು ಕಡಮೆಯಾದಾಗ ಕಾಲವೂ ಕಡಮೆಯಾಯಿತೆಂದರೆ, ಯಂತ್ರವು ಆ ಸಂಬಂಧಪಡದ ದಾಖಲೆಗಳನ್ನೂ ಪ್ರತಿ ಸಲ ಓದುತ್ತಿದೆಯೆಂದೇ ಅರ್ಥ. ವರ್ಷದ 365 ದಿನಗಳಲ್ಲಿ ಪ್ರತಿಯೊಂದಕ್ಕೂ ಹಿಂದಿನ ಏಳು ದಿನಗಳನ್ನು ಹುಡುಕಲು ಅದು 2,19,000 ದಾಖಲೆಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕುತ್ತಿದ್ದಿತು. 365ನ್ನು 2,19,000ದಿಂದ ಗುಣಿಸಿದರೆ 7,99,35,000. ಸುಮಾರು ಎಂಟು ಕೋಟಿ ದಾಖಲೆಗಳನ್ನು ಒಂದೂವರೆ ನಿಮಿಷದಲ್ಲಿ ಓದಿದ ಯಂತ್ರವನ್ನು ನಿಧಾನವೆನ್ನುವುದು ಅನ್ಯಾಯವೇ ಸರಿ!

ಕಳೆದುಹೋದ ಸೂಚಿ

ಹಳೆಯ ಆವೃತ್ತಿಯು ಇದನ್ನು ಹೇಗೆ ತಪ್ಪಿಸುತ್ತಿದ್ದಿತು? ಸೂಚಿಯ ಸಹಾಯದಿಂದ. ದಪ್ಪ ಗ್ರಂಥದ ಕೊನೆಯಲ್ಲಿ ಅಕಾರಾದಿಯಾಗಿ ಪದಗಳನ್ನೂ ಪುಟಸಂಖ್ಯೆಗಳನ್ನೂ ಕೊಟ್ಟಿರುವರಷ್ಟೆ. ಡೇಟಾಬೇಸಿನಲ್ಲಿಯೂ ಅಂತಹದೇ ಏರ್ಪಾಡು ಇರುವುದು. ಅದಕ್ಕೆ ಇಂಡೆಕ್ಸ್ ಎನ್ನುವರು. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಹುಡುಕುವುದು ಸುಲಭ. ನಡುವೆ ತೆರೆದು ನೋಡಿ, ಬೇಕಾದುದು ಹಿಂದಿದೆಯೊ ಮುಂದಿದೆಯೊ ತಿಳಿದು, ಅರ್ಧವನ್ನು ಬಿಟ್ಟುಬಿಡಬಹುದು. ಉಳಿದ ಅರ್ಧದಲ್ಲಿ ಮತ್ತೆ ಹಾಗೆಯೇ. 2ನ್ನು 18 ಸಲ ಗುಣಿಸಿದರೆ 2,62,144 ಆಗುವುದರಿಂದ, 2,19,000 ದಾಖಲೆಗಳಲ್ಲಿ ಒಂದನ್ನು ಹುಡುಕಲು 18 ಹೋಲಿಕೆಗಳು ಸಾಕು. ಅಲ್ಲಿಂದ ಮುಂದೆ ಏಳು ದಾಖಲೆಗಳನ್ನು ಓದಿದರೆ ದಿನಕ್ಕೆ 25 ಹೆಜ್ಜೆಗಳಾದುವು. ವರ್ಷಕ್ಕೆ 9,125. ಎಂಟು ಕೋಟಿ ಎಲ್ಲಿ, ಒಂಬತ್ತು ಸಾವಿರ ಎಲ್ಲಿ! ಎಷ್ಟು ಹಣ ಕೊಟ್ಟು ಹೊಸ ಗಣಕವನ್ನು ತಂದಿದ್ದರೂ ಎಂಟು ಸಾವಿರ ಪಟ್ಟು ವೇಗವು ದೊರೆಯುತ್ತಿರಲಿಲ್ಲ.

ಗಣಕಗಳಲ್ಲಿ ಈ ಸೂಚಿಯನ್ನು ಸಾಮಾನ್ಯವಾಗಿ 'ಬಿ-ವೃಕ್ಷ' ಎಂಬ ರೂಪದಲ್ಲಿ ಕಟ್ಟುವರು. ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಎಂಬವರು ಇದನ್ನು ರೂಪಿಸಿ 1972ರಲ್ಲಿ ಪ್ರಕಟಿಸಿದರು. ಇದರಲ್ಲಿ ಒಂದೊಂದು ಗೆಣ್ಣಿನಿಂದಲೂ ಎರಡಲ್ಲ, ನೂರಾರು ಕವಲುಗಳು ಒಡೆಯುವುವು. ಗೆಣ್ಣಿಗೆ ನೂರು ಕವಲುಗಳಿದ್ದರೂ ಮೂರು ಮೆಟ್ಟಿಲುಗಳಲ್ಲಿ ಹತ್ತು ಲಕ್ಷ ದಾಖಲೆಗಳನ್ನು ತಲುಪಬಹುದು. ಡಿಸ್ಕಿನ ಪ್ರತಿ ಭೇಟಿಯೂ ದುಬಾರಿಯಾದುದರಿಂದ ಭೇಟಿಗಳ ಸಂಖ್ಯೆಯನ್ನು ಕಡಮೆಮಾಡುವುದೇ ಈ ವೃಕ್ಷದ ಗುಣ.

ನಮ್ಮ ಹೊಸ ಕೋಷ್ಟಕದ ರಚನೆಯನ್ನು ತೆರೆದು ನೋಡಿದಾಗ ಇಂಡೆಕ್ಸ್ ಇರಬೇಕಾದ ಸ್ಥಳದಲ್ಲಿ ಏನೂ ಇರಲಿಲ್ಲ. ಅದು ಎಲ್ಲಿ ಕಳೆಯಿತೆಂಬುದು ಆಗ ಹೊಳೆಯಿತು. ಹೊಸ ಆವೃತ್ತಿಯು ಹಳೆಯ ಮಾದರಿಯ ಕಡತವನ್ನು ನೇರವಾಗಿ ತೆರೆಯುತ್ತಿರಲಿಲ್ಲ. ಆದುದರಿಂದ ನಾವೇ ಹಳೆಯ ಕೋಷ್ಟಕವನ್ನು ಬರಿಯ ಅಕ್ಷರಗಳ ಕಡತವಾಗಿ ಬರೆಯಿಸಿ, ಅದನ್ನು ಹೊಸದರೊಳಕ್ಕೆ ಓದಿಸಿದ್ದೆವು. ಅಂತಹ ಕಡತದಲ್ಲಿ ದಿನಾಂಕಗಳೂ ಮಿಲಿಮೀಟರುಗಳೂ ಸಾಗಿಬರುವುವೇ ಹೊರತು ಸೂಚಿಗಳು ಬರುವುದಿಲ್ಲ. ಮನೆಯನ್ನು ಬದಲಾಯಿಸುವಾಗ ಸಾಮಾನುಗಳನ್ನೆಲ್ಲ ಸಾಗಿಸಿ, ಯಾವ ಡಬ್ಬಿಯಲ್ಲಿ ಏನಿದೆಯೆಂಬ ಚೀಟಿಗಳನ್ನು ಹಳೆಯ ಮನೆಯಲ್ಲಿಯೇ ಬಿಟ್ಟುಬಂದಂತೆ ಆಗಿದ್ದಿತು. ತಪ್ಪು ತಂತ್ರಾಂಶದ್ದಲ್ಲ, ನಮ್ಮದು. ಮೊದಲ ದಿನವೇ ನಾವು ದೂರು ಬರೆದು ಕಳುಹಿಸಿದ್ದರೆ ನಾಚಿಕೆಪಡಬೇಕಾಗುತ್ತಿದ್ದಿತು.

ಮೊದಲು ಕೇಂದ್ರದ ಸಂಖ್ಯೆ, ಅದರೊಳಗೆ ದಿನಾಂಕ, ಈ ಕ್ರಮದಲ್ಲಿ ಒಂದು ಸೂಚಿಯನ್ನು ಕಟ್ಟಿಸಿದೆವು. ಸ್ಟಾಪ್‌ವಾಚಿನ ಗುಂಡಿಯನ್ನು ಎರಡನೆಯ ಸಲ ಒತ್ತುವುದಕ್ಕೆ ಮೊದಲೇ ಉತ್ತರವು ಬಂದುಬಿಟ್ಟಿತು.

ಎರಡು ಎಚ್ಚರಿಕೆಗಳು

ಸೂಚಿಯಿಂದ ಇಷ್ಟು ಲಾಭವಿದ್ದರೆ ಕೋಷ್ಟಕದ ಪ್ರತಿಯೊಂದು ಅಂಕಣಕ್ಕೂ ಒಂದೊಂದನ್ನು ಏಕೆ ಕಟ್ಟಬಾರದು ಎಂದು ವಾಚಕರು ಕೇಳಬಹುದು. ಹೊಸ ದಾಖಲೆ ಸೇರಿದಾಗಲೆಲ್ಲ ಎಲ್ಲ ಸೂಚಿಗಳನ್ನೂ ತಿದ್ದಬೇಕಾಗುವುದು. ಓದುವುದು ಬೇಗವಾದರೂ ಬರೆಯುವುದು ನಿಧಾನವಾಗುವುದು. ಯಾವ ಅಂಕಣಗಳಿಂದ ಹುಡುಕುವೆವೊ ಅವುಗಳಿಗೆ ಮಾತ್ರ ಸೂಚಿ ಇರತಕ್ಕದ್ದು.

ಎರಡನೆಯದಾಗಿ, ಸೂಚಿ ಇದ್ದರೂ ಅದನ್ನು ಬಳಸಲಾಗದಂತೆ ಪ್ರಶ್ನೆ ಕೇಳಬಹುದು. ಅಕಾರಾದಿ ನಿಘಂಟಿನಲ್ಲಿ 'ಬಳೆ'ಯಿಂದ ಆರಂಭವಾಗುವ ಪದಗಳನ್ನು ಕ್ಷಣದಲ್ಲಿ ತೋರಿಸಬಹುದು. 'ಗಾರ' ಎಂದು ಕೊನೆಗೊಳ್ಳುವ ಪದಗಳನ್ನು ಕೇಳಿದರೆ ನಿಘಂಟನ್ನು ಪೂರ್ತಿಯಾಗಿ ಓದಲೇಬೇಕು. ನಮ್ಮ ವಿದ್ಯಾರ್ಥಿಗಳು "ದಿನಾಂಕದಿಂದ ವರ್ಷವನ್ನು ಬೇರ್ಪಡಿಸು, ಅದು 1972 ಆಗಿದ್ದರೆ ತೋರಿಸು" ಎಂದು ಬರೆಯುತ್ತಿದ್ದರು. ಆಗ ಯಂತ್ರವು ಪ್ರತಿ ದಾಖಲೆಯಿಂದಲೂ ವರ್ಷವನ್ನು ಬೇರ್ಪಡಿಸಿ ನೋಡುವುದು, ಸೂಚಿಯು ನಿರುಪಯೋಗಿಯಾಗುವುದು. "ದಿನಾಂಕವು 1972ರ ಜನವರಿ 1ರಿಂದ ಡಿಸೆಂಬರ್ 31ರ ವರೆಗೆ" ಎಂದು ಬರೆದರೆ ಅರ್ಥವು ಅದೇ, ದುಡಿಮೆಯು ಅತ್ಯಲ್ಪ.

ಇಷ್ಟಾದರೂ ಕೆಲಸ ಪೂರ್ತಿ ಮುಗಿದಿರಲಿಲ್ಲ. ಕಡತವನ್ನು ಮರಳಿ ಜಾಲದ ಇನ್ನೊಂದು ಗಣಕಕ್ಕೆ ಒಯ್ದಾಗ, ಪ್ರತಿ ಪ್ರಶ್ನೆಯ ಆರಂಭದಲ್ಲಿ ಕೆಲವು ಸೆಕೆಂಡುಗಳ ತಡೆ ಕಂಡಿತು. ಈ ಸಲ ಪ್ರೊಸೆಸರ್ ಸುಮ್ಮನಿದ್ದಿತು. ಇದು ಕಾಯುವಿಕೆ! ಇಂತಹ ತಂತ್ರಾಂಶಗಳು ಕಡತವನ್ನು ತೆರೆದಾಗ ಯಾರು ಯಾರು ಅದನ್ನು ಬಳಸುತ್ತಿದ್ದಾರೆಂದು ಗುರುತಿಸಲು ಪಕ್ಕದಲ್ಲಿ ಒಂದು ಚಿಕ್ಕ ಬೀಗದ ಕಡತವನ್ನು ಸೃಷ್ಟಿಸುವುವು, ಮುಚ್ಚಿದಾಗ ಅಳಿಸುವುವು. ಪ್ರತಿ ಪ್ರಶ್ನೆಗೂ ತೆರೆದು ಮುಚ್ಚುತ್ತಿದ್ದುದರಿಂದ ಜಾಲದಲ್ಲಿ ಈ ವ್ಯವಹಾರವು ಮತ್ತೆ ಮತ್ತೆ ನಡೆಯುತ್ತಿದ್ದಿತು. ಕೆಲಸ ಮುಗಿಯುವವರೆಗೆ ಒಂದು ಸಂಪರ್ಕವನ್ನು ತೆರೆದೇ ಇಟ್ಟೆವು, ತಡೆಯು ಹೋಯಿತು. ಒಂದೇ ಯಂತ್ರದಲ್ಲಿ ಎರಡು ನಿಧಾನಗಳು, ಎರಡು ಬೇರೆ ಬೇರೆ ಕಾರಣಗಳು.

ಯೋಜಕನ ಅಂದಾಜು

ತಪ್ಪು ಯಾವಾಗಲೂ ಬಳಸುವವರದೇ ಎಂದು ಹೇಳಲಾಗದು. ಡೇಟಾಬೇಸ್ ತಂತ್ರಾಂಶದೊಳಗೆ 'ಯೋಜಕ' ಎನ್ನಬಹುದಾದ ಒಂದು ಭಾಗವಿದೆ. ಪ್ರಶ್ನೆಗೆ ಉತ್ತರವನ್ನು ಹಲವು ಮಾರ್ಗಗಳಿಂದ ಪಡೆಯಬಹುದಾದಾಗ, ಪ್ರತಿ ಮಾರ್ಗದ ವೆಚ್ಚವನ್ನು ಅಂದಾಜು ಮಾಡಿ ಅಗ್ಗವಾದುದನ್ನು ಆರಿಸುವುದು ಇದರ ಕೆಲಸ. ಐ.ಬಿ.ಎಂ. ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಈ ವಿಧಾನವನ್ನು ವಿವರಿಸಿದರು. ಅಂದಾಜು ತಪ್ಪಿದರೆ ಮಾರ್ಗವೂ ತಪ್ಪುವುದು.

ಇಂದು ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನುಗಳಲ್ಲಿಯೂ ಇರುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ನಿರ್ಮಾಪಕರು 2013ರ 3.8.0 ಆವೃತ್ತಿಯಲ್ಲಿ ಯೋಜಕವನ್ನು ಹೊಸದಾಗಿ ಬರೆದರು. ಅದನ್ನು ತಮ್ಮದೇ ಆದ ಫಾಸಿಲ್ ಎಂಬ ತಂತ್ರಾಂಶದಲ್ಲಿ ಬಳಸಿದಾಗ, ಕೆಲವೇ ಮಿಲಿಸೆಕೆಂಡುಗಳಲ್ಲಿ ಬರುತ್ತಿದ್ದ ಒಂದು ವರದಿಗೆ ಸುಮಾರು 10 ಸೆಕೆಂಡು ಹಿಡಿಯಿತು. ದಾಖಲೆಗಳು ಕೋಷ್ಟಕದಲ್ಲಿ ಹೇಗೆ ಹಂಚಿಹೋಗಿವೆ ಎಂಬ ಲೆಕ್ಕವು ಯೋಜಕಕ್ಕೆ ಸಿಕ್ಕಿರಲಿಲ್ಲ. ಅದು ಬಹಳ ದೊಡ್ಡ ಗುಂಪನ್ನು ಚಿಕ್ಕದೆಂದು ಭಾವಿಸಿ ತಪ್ಪು ದಾರಿ ಹಿಡಿದಿದ್ದಿತು. ಇಂತಹ ಸಂದರ್ಭದಲ್ಲಿ ಕೋಷ್ಟಕವನ್ನು ಒಮ್ಮೆ ಪರಿಶೀಲಿಸಿ ಅಂಕಿಸಂಖ್ಯೆಗಳನ್ನು ಸಂಗ್ರಹಿಸುವಂತೆ ಆಜ್ಞೆ ಕೊಟ್ಟರೆ ಅಂದಾಜು ಸರಿಹೋಗುವುದು. ನಿರ್ಮಾಪಕರು ಈ ಸಂಗತಿಯನ್ನು ಮುಚ್ಚಿಡದೆ, ಕಾರಣಸಹಿತವಾಗಿ ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟಿದ್ದಾರೆ. ವಿಜ್ಞಾನದ ನಡತೆ ಹೀಗಿರಬೇಕು.

ಕೊನೆಯ ಪರೀಕ್ಷೆ

ವೇಗವು ಮರಳಿತೆಂದು ನಾವು ಅಲ್ಲಿಗೇ ನಿಲ್ಲಲಿಲ್ಲ. ಅಕ್ಷರಗಳ ಕಡತದ ಮೂಲಕ ಸಾಗಿಬಂದ ದಿನಾಂಕಗಳಲ್ಲಿ ಇನ್ನೊಂದು ಅಪಾಯವಿದೆ. 5-6-1972 ಎಂಬುದನ್ನು ನಾವು ಜೂನ್ 5 ಎಂದು ಓದುವೆವು. ಅಮೆರಿಕದ ಪದ್ಧತಿಗೆ ಹೊಂದಿಸಿದ ಗಣಕವು ಮೇ 6 ಎಂದು ಓದುವುದು. ಆದುದರಿಂದ ಹಳೆಯ ಗಣಕವನ್ನು ಮತ್ತೆ ಹೊತ್ತಿಸಿ, ಒಟ್ಟು ದಾಖಲೆಗಳ ಸಂಖ್ಯೆಯನ್ನೂ ಪ್ರತಿ ಕೇಂದ್ರದ ತಿಂಗಳ ಮೊತ್ತಗಳನ್ನೂ ಎರಡರಲ್ಲಿಯೂ ತಾಳೆನೋಡಿದೆವು. ಎಲ್ಲವೂ ಹೊಂದಿದುವು. ತಪ್ಪು ಉತ್ತರವನ್ನು ಬೇಗ ಕೊಡುವ ಯಂತ್ರಕ್ಕಿಂತ ಸರಿಯಾದ ಉತ್ತರವನ್ನು ನಿಧಾನವಾಗಿ ಕೊಡುವ ಯಂತ್ರವೇ ಮೇಲು.

ಅನಂತರ ಕೋಷ್ಟಕಗಳ ರಚನೆ, ಸೂಚಿಗಳು, ಅವುಗಳನ್ನು ಕಟ್ಟಿದ ಉದ್ದೇಶ, ಇವೆಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು ಗಣಕದ ಪಕ್ಕದಲ್ಲಿ ಇಟ್ಟೆವು. ಹಳೆಯ ಸೂಚಿಯನ್ನು ಯಾರೊ ಒಬ್ಬ ವಿದ್ಯಾರ್ಥಿಯು ಬಹಳ ವರ್ಷಗಳ ಹಿಂದೆ ತಿಳಿದೇ ಕಟ್ಟಿರಬೇಕು. ಅದು ಬರೆದಿಟ್ಟಿರದ ಕಾರಣ, ಅದು ಇದ್ದಿತೆಂಬುದೇ ಕಳೆದುಹೋಗುವವರೆಗೆ ನಮಗೆ ತಿಳಿಯಲಿಲ್ಲ.

ಸಿಂದಗಿಯ ವಿದ್ಯಾರ್ಥಿಯು ಈಗ ಹನ್ನೆರಡು ಕೇಂದ್ರಗಳ ಉತ್ತರಿ, ಹಸ್ತ ಮಳೆಗಳನ್ನು ವರ್ಷವರ್ಷವಾಗಿ ಹೋಲಿಸುತ್ತಿದ್ದಾನೆ. ಅವನ ತಂದೆಗೆ ಅದರಿಂದ ಏನು ಹೇಳಬಹುದೆಂಬುದು ಲೆಕ್ಕವು ಮುಗಿದ ಮೇಲಿನ ಮಾತು. ಆದರೆ ಅವನು ಹೋಲಿಸುವ ಐವತ್ತು ಸಾಲುಗಳಲ್ಲಿ 1972 ಕೂಡ ತನ್ನ ಸ್ಥಳದಲ್ಲಿಯೇ ಇದೆ.